'ಬೇಡ' ಎನ್ನುವ ಗುಂಡಿ

2024ರ ಜುಲೈ 19, ಶುಕ್ರವಾರ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಇಂಡಿಗೋ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡುತ್ತಿದ್ದರು. ಕೋಲ್ಕತ್ತಕ್ಕೆ ಹೊರಟಿದ್ದ ಪ್ರಯಾಣಿಕರೊಬ್ಬರು ತಮಗೆ ಸಿಕ್ಕ ಪಾಸಿನ ಫೋಟೋ ತೆಗೆದು ಹಂಚಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಅದು ಬೇರೆ ಬೇರೆ ದೇಶಗಳ ಸುದ್ದಿಯಲ್ಲಿತ್ತು. ನಮ್ಮ ಕಾಲದ ಅತಿ ದೊಡ್ಡ ಕಂಪ್ಯೂಟರ್ ಅವಾಂತರದ ಗುರುತಾಗಿ ಜನರ ನೆನಪಿನಲ್ಲಿ ಉಳಿದದ್ದು ಪೆನ್ನಿನಲ್ಲಿ ಬರೆದ ಒಂದು ಚೀಟಿ.

ಆ ದಿನ ಆದದ್ದಿಷ್ಟು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಗ್ರಾಹಕರ ವಿಂಡೋಸ್ ಯಂತ್ರಗಳಿಗೆ ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ಪುಟ್ಟ ಫೈಲು ಕಳಿಸಿತು. ಫೈಲಿನಲ್ಲಿ ದೋಷವಿತ್ತು. ತಪ್ಪು ಗೊತ್ತಾಗಿ ವಾಪಸ್ ಪಡೆಯುವ ಹೊತ್ತಿಗೆ 78 ನಿಮಿಷ ಕಳೆದಿತ್ತು. ಮೈಕ್ರೋಸಾಫ್ಟಿನ ಅಂದಾಜಿನ ಪ್ರಕಾರ ಅಷ್ಟರೊಳಗೆ 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದಿದ್ದವು. ವಾಪಸ್ ಪಡೆದದ್ದರಿಂದ ಬಿದ್ದ ಯಂತ್ರಗಳೇನೂ ತಾವಾಗಿ ಏಳಲಿಲ್ಲ. ಬಹಳಷ್ಟನ್ನು ಒಬ್ಬೊಬ್ಬರೇ ಎದುರಿಗೆ ಕೂತು ಎಬ್ಬಿಸಬೇಕಾಯಿತು.

ಈ ಕತೆಯಲ್ಲಿ ನನ್ನನ್ನು ಹಿಡಿದಿಟ್ಟದ್ದು ಆಮೇಲೆ ಬಂದ ಒಂದು ವಿವರ. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳುವುದು ಬೇಡ, ಒಂದು ಆವೃತ್ತಿ ಹಿಂದೆಯೇ ಇರೋಣ ಎಂದು ಎಚ್ಚರದಿಂದ ಆಯ್ಕೆ ಮಾಡಿಟ್ಟಿದ್ದ ಗ್ರಾಹಕರೂ ಇದ್ದರು. ಆ ಆಯ್ಕೆ ಮುಖ್ಯ ತಂತ್ರಾಂಶಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಹೀಗೆ ದಿನವೂ ಹರಿದುಬರುವ ಫೈಲುಗಳು ಆ ಬಾಗಿಲನ್ನು ತಟ್ಟದೆಯೇ ಒಳಗೆ ಬರುತ್ತಿದ್ದವು. 'ತಡೆದು ಹಾಕಿ' ಎಂದಿದ್ದವರೂ 'ತಕ್ಷಣ ಹಾಕಿ' ಎಂದಿದ್ದವರೂ ಒಟ್ಟಿಗೇ ಬಿದ್ದರು. ಅನಾಹುತದ ನಂತರವಷ್ಟೇ ಕಂಪನಿ ಆ ಫೈಲುಗಳ ಮೇಲೂ ಗ್ರಾಹಕರಿಗೆ ಹಿಡಿತ ಕೊಡುವುದಾಗಿ ಹೇಳಿತು.

ಇದು ಆಪರೇಟಿಂಗ್ ಸಿಸ್ಟಂನ ಅಪ್‌ಡೇಟ್ ಅಲ್ಲ, ಅದರ ಮೇಲೆ ಕೂತ ಕಾವಲುಗಾರನ ಅಪ್‌ಡೇಟ್ ಎನ್ನುವುದು ನಿಜ. ಆದರೆ ಇದರ ಹಿಂದಿನ ರೂಢಿ ಒಂದೇ. ಯಂತ್ರ ನಮ್ಮದು, ಅದರೊಳಗೆ ಯಾವಾಗ ಏನು ಬದಲಾಗಬೇಕು ಎನ್ನುವ ತೀರ್ಮಾನ ಇನ್ನೊಬ್ಬರದು. ಮನೆಯ ಲ್ಯಾಪ್‌ಟಾಪಿನಲ್ಲಿ ಇದೇ ರೂಢಿ ಎರಡು ಗುಂಡಿಗಳಾಗಿ ಕಾಣಿಸುತ್ತದೆ: 'ಈಗಲೇ', 'ಆಮೇಲೆ'. 'ಬೇಡ' ಎನ್ನುವ ಗುಂಡಿ ಮೊದಲು ಇತ್ತು. ಅದು ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎನ್ನುವುದಕ್ಕೆ ಒಂದು ಇತಿಹಾಸವಿದೆ. ಅದರ ಒಂದು ಎಳೆ ಇದೇ ಊರಿನಲ್ಲಿ ಹಾದುಹೋಗುತ್ತದೆ.

1997ರಲ್ಲಿ ಬಿಲ್ ಗೇಟ್ಸ್ ದೆಹಲಿಗೆ ಬಂದಾಗ ಆಗಿನ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರನ್ನು ಭೇಟಿ ಮಾಡಿದರು. ಹತ್ತು ನಿಮಿಷ ಎಂದುಕೊಂಡದ್ದು ಅದನ್ನು ಮೀರಿ ಬೆಳೆಯಿತು ಎನ್ನುವುದು ನಾಯ್ಡು ಅವರೇ ಮತ್ತೆ ಮತ್ತೆ ಹೇಳಿಕೊಂಡಿರುವ ಕತೆ. ಮರುವರ್ಷ, 1998ರಲ್ಲಿ, ಮೈಕ್ರೋಸಾಫ್ಟ್ ತನ್ನ ಭಾರತೀಯ ಅಭಿವೃದ್ಧಿ ಕೇಂದ್ರವನ್ನು ಹೈದರಾಬಾದಿನಲ್ಲಿ ತೆರೆಯಿತು. 2004ರ ಹೊತ್ತಿಗೆ ಗಚ್ಚಿಬೌಲಿಯಲ್ಲಿ ಅದಕ್ಕೆ ದೊಡ್ಡ ಕ್ಯಾಂಪಸ್ಸೇ ಆಯಿತು. ಆ ಕೇಂದ್ರದಲ್ಲಿ ರೂಪುಗೊಂಡ ವಿಷುಯಲ್ ಜೆ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಸಾಧನ ಈಗ ಬಳಕೆಯಲ್ಲಿಲ್ಲ. ತಂತ್ರಾಂಶ ಲೋಕದಲ್ಲಿ ತಯಾರಿಸಿದವರ ಕೂಸಿಗೂ ಆಯಸ್ಸಿನ ಭರವಸೆ ಇಲ್ಲ. ಇದೇ ಊರಿನಲ್ಲಿ 1967ರಲ್ಲಿ ಹುಟ್ಟಿ, ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿದ ಸತ್ಯ ನಾದೆಲ್ಲ 2014ರ ಫೆಬ್ರವರಿಯಲ್ಲಿ ಆ ಕಂಪನಿಯ ಮುಖ್ಯಸ್ಥರಾದರು. ಮರುವರ್ಷ ಬಂದದ್ದು ವಿಂಡೋಸ್ 10. ಅಪ್‌ಡೇಟುಗಳೆಲ್ಲ ಗಚ್ಚಿಬೌಲಿಯಲ್ಲೇ ತಯಾರಾಗುತ್ತವೆ ಎಂದು ಯಾರೂ ಅರ್ಥ ಮಾಡಿಕೊಳ್ಳಬೇಕಿಲ್ಲ. ಆದರೂ ಈ ಊರಿನಲ್ಲಿ ಕೂತು ಇದನ್ನು ಬೈಯುವಾಗ ಪಕ್ಕದ ಮನೆಯವರನ್ನೇ ಬೈದಂತೆ ಒಂದು ಸಂಕೋಚ.

ಹಿಂದಕ್ಕೆ ಹೋಗೋಣ. 1990ರ ದಶಕದಲ್ಲಿ ಅಪ್‌ಡೇಟ್ ಎಂದರೆ ಒಂದು ಸಿ.ಡಿ. ಬೇಕೆಂದವರು ತಂದು ಹಾಕಿಸಿಕೊಳ್ಳುತ್ತಿದ್ದರು. ವಿಂಡೋಸ್ 98ರ ಜೊತೆ ಇಂಟರ್ನೆಟ್ ಮೂಲಕ ಅಪ್‌ಡೇಟ್ ಪಡೆಯುವ ವ್ಯವಸ್ಥೆ ಬಂತು, ಆದರೆ ಡಯಲ್-ಅಪ್ ಸಂಪರ್ಕದಲ್ಲಿ ಟೆಲಿಫೋನ್ ಬಿಲ್ಲು ಏರುತ್ತಿದ್ದ ನಮ್ಮ ಮನೆಗಳಲ್ಲಿ ಆ ಸಾಹಸಕ್ಕೆ ಕೈಹಾಕಿದವರು ಕಡಿಮೆ. ಇಲ್ಲಿನ ಬಹುಪಾಲು ಕಂಪ್ಯೂಟರುಗಳು ಕಂಪನಿಯ ಡಬ್ಬದಲ್ಲಿ ಬಂದವೂ ಅಲ್ಲ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದಂತೆ ಇಲ್ಲಿ ಸಿಕಂದರಾಬಾದಿನ ಪಾರ್ಕ್‌ಲೇನ್ ಬಳಿಯ ಚೆನಾಯ್ ಟ್ರೇಡ್ ಸೆಂಟರ್, ಊರಿನವರ ಬಾಯಲ್ಲಿ 'ಸಿ.ಟಿ.ಸಿ'. ಬಿಡಿಭಾಗ ಆರಿಸಿ, ಜೋಡಿಸಿಕೊಂಡು, ಕೊನೆಗೆ ಅಂಗಡಿಯ ಹುಡುಗ ತನ್ನ ಸಿ.ಡಿ. ಚೀಲದಿಂದ ವಿಂಡೋಸ್ ತೆಗೆದು ಹಾಕಿಕೊಡುತ್ತಿದ್ದ. ಅದಕ್ಕೆ ಬೇರೆ ದುಡ್ಡು ಎಂಬುದು ಇದೆಯೆಂದು ಕೊಂಡವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೇಳುತ್ತಿರಲಿಲ್ಲ.

ಹಾಕಿಕೊಟ್ಟವನೇ ಒಂದು ಬುದ್ಧಿಮಾತೂ ಹೇಳುತ್ತಿದ್ದ: 'ಅಪ್‌ಡೇಟ್ ಆಫ್ ಮಾಡಿದ್ದೀನಿ ಸಾರ್, ಆನ್ ಮಾಡಬೇಡಿ.' ಇದಕ್ಕೆ ಕಾರಣವಿತ್ತು. 2006ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಒಂದು ಸಲಕರಣೆಯನ್ನು ಅದೇ ಅಪ್‌ಡೇಟಿನ ದಾರಿಯಲ್ಲಿ, ತುರ್ತು ಅಪ್‌ಡೇಟುಗಳ ಸಾಲಿನಲ್ಲಿ ಕಳಿಸಿತು. 2008ರಲ್ಲಿ ನಕಲಿ ಎಕ್ಸ್‌ಪಿ ಇರುವ ಯಂತ್ರಗಳ ಪರದೆ ಆಗಾಗ ಕಪ್ಪಾಗತೊಡಗಿತು. ನಕಲು ಬಳಸಿದ್ದು ತಪ್ಪು, ಸರಿ. ಆದರೆ ವೈರಸ್ಸಿಗೆ ಮದ್ದು ತರುವ ಕೈಯೇ ತಪಾಸಣೆಗೂ ಬಂದದ್ದರಿಂದ ಒಂದು ಇಡೀ ತಲೆಮಾರು ಮದ್ದಿಗೇ ಹೆದರಿತು. ಭಾರತದಲ್ಲಿ ಅಪ್‌ಡೇಟ್ ಎಂದರೆ ಅನುಮಾನದಿಂದ ನೋಡುವ ಅಭ್ಯಾಸದ ಬೇರು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಮಲೇರಿಯಾ ಮಾತ್ರೆ ಕೊಡಲು ಬಂದವರು ಮನೆಗಂದಾಯದ ರಸೀದಿ ಕೇಳಿದರೆ ಯಾರು ಬಾಗಿಲು ತೆಗೆದಾರು?

ಅಪ್‌ಡೇಟ್ ಬೇಕು ಎನ್ನುವವರ ಕಡೆಯ ವಾದ ಹಗುರವಾದದ್ದಲ್ಲ. 2002ರ ಜನವರಿಯಲ್ಲಿ ಗೇಟ್ಸ್ ತಮ್ಮ ಕಂಪನಿಯ ಎಲ್ಲರಿಗೂ ಒಂದು ಪತ್ರ ಬರೆದು ಇನ್ನು ಮುಂದೆ ಹೊಸ ಸೌಲಭ್ಯಗಳಿಗಿಂತ ಭದ್ರತೆಗೆ ಮೊದಲ ಸ್ಥಾನ ಎಂದರು. ಒಂದೇ ವರ್ಷದಲ್ಲಿ, 2003ರ ಜನವರಿ 25ರಂದು, ಸ್ಲ್ಯಾಮರ್ ಎಂಬ ಹುಳು ಕೆಲವೇ ನಿಮಿಷಗಳಲ್ಲಿ ಜಗತ್ತಿನ ಸರ್ವರುಗಳನ್ನು ಹಿಡಿಯಿತು. ಅದಕ್ಕೆ ಮದ್ದು ಆರು ತಿಂಗಳ ಹಿಂದೆಯೇ ಸಿದ್ಧವಾಗಿತ್ತು, ಹಾಕಿಕೊಂಡವರಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಬಂತು. ಅದಕ್ಕೂ ಮದ್ದು ಒಂದು ತಿಂಗಳು ಮುಂಚೆಯೇ ಇತ್ತು. ಅದರ ಬೆನ್ನಿಗೇ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಎಂಬ ಕ್ರಮ ಶುರುವಾಯಿತು. ನಮಗೆ ಅದು ಮಂಗಳವಾರದ ರಾತ್ರಿ. 2004ರಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ತಾನೇ ತಾನಾಗಿ ಅಪ್‌ಡೇಟ್ ಆಗುವುದನ್ನು ಬಳಕೆದಾರರ ಮುಂದೆ ಒತ್ತಾಯವಾಗಿ ಇಟ್ಟಿತು. ಒಪ್ಪದವರಿಗೆ ಆಫ್ ಮಾಡುವ ಗುಂಡಿ ಇನ್ನೂ ಇತ್ತು.

ಅದೇ ಸರ್ವಿಸ್ ಪ್ಯಾಕಿನಲ್ಲಿ ಮಲಯಾಳಂ ಮತ್ತು ಬಂಗಾಳಿಗೆ ಫಾಂಟುಗಳು ಬಂದವು. ತೆಲುಗಿನ 'ಗೌತಮಿ', ಕನ್ನಡದ 'ತುಂಗಾ' ಎಕ್ಸ್‌ಪಿಯ ಜೊತೆ 2001ರಲ್ಲೇ ಬಂದಿದ್ದವು. ಎರಡಕ್ಕೂ ನದಿಗಳ ಹೆಸರಿಟ್ಟವರು ಯಾರೋ, ಅವರಿಗೆ ನಮಸ್ಕಾರ. ಹೊಸ ಆವೃತ್ತಿ ಬಾರದಿದ್ದರೆ ಕಂಪ್ಯೂಟರಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ ಎಂಬುದನ್ನು ಈ ಸಿಟ್ಟಿನ ನಡುವೆ ಮರೆಯಬಾರದು.

2017ರ ಮೇ 12ರಂದು ವಾನಾಕ್ರೈ ಬಂದಾಗ ಅದೇ ಪಾಠ ಮತ್ತೆ ಬಂತು. ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ಈ ಹುಳು ಹೊಕ್ಕ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಹೊರಬಂದಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ನರಳಿದವು, ಇಲ್ಲಿ ಪಕ್ಕದ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳೂ ಸಿಕ್ಕಿಕೊಂಡವು. 'ಆಮೇಲೆ' ಎಂದವರಿಗೆ ಆದ ನಷ್ಟ ಅವರೊಬ್ಬರದ್ದೇ ಆಗಿರಲಿಲ್ಲ, ಅವರ ಯಂತ್ರದಿಂದ ಹುಳು ಪಕ್ಕದವರ ಯಂತ್ರಕ್ಕೆ ಹೋಗುತ್ತಿತ್ತು. ಒತ್ತಾಯದ ಲಸಿಕೆಗೆ ಇರುವ ಸಮರ್ಥನೆ ಒತ್ತಾಯದ ಅಪ್‌ಡೇಟಿಗೂ ಇದೆ.

ಹಾಗಾದರೆ ಜನರಿಗೆ ಇಷ್ಟು ಸಿಟ್ಟೇಕೆ? ಆ ಸಮರ್ಥನೆಯ ಬೆನ್ನ ಮೇಲೆ ಬೇರೆ ಏನೇನೋ ಹತ್ತಿ ಕೂತದ್ದರಿಂದ.

2015ರ ಜುಲೈ 29ರಂದು ವಿಂಡೋಸ್ 10 ಬಂತು. 7 ಅಥವಾ 8 ಇದ್ದವರಿಗೆ ಒಂದು ವರ್ಷ ಉಚಿತ. ಇದು ವಿಂಡೋಸಿನ ಕೊನೆಯ ಆವೃತ್ತಿ, ಇನ್ನು ಮುಂದೆ ಇದೇ ಬೆಳೆಯುತ್ತಾ ಹೋಗುತ್ತದೆ ಎಂದು ಕಂಪನಿಯವರೊಬ್ಬರು ವೇದಿಕೆಯಿಂದ ಹೇಳಿದ್ದರು. ಹೋಂ ಆವೃತ್ತಿಯಲ್ಲಿ ಅಪ್‌ಡೇಟ್ ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಹೆಚ್ಚು ಬೆಲೆಯ ಪ್ರೊ ಆವೃತ್ತಿಯಲ್ಲಿ ಮುಂದೂಡಬಹುದಿತ್ತು. 'ಬೇಡ' ಅಲ್ಲದಿದ್ದರೂ 'ಸ್ವಲ್ಪ ತಾಳಿ' ಎನ್ನುವುದಕ್ಕೆ ಹೀಗೆ ಬೆಲೆ ಕಟ್ಟಲಾಯಿತು. ಹಳೆಯ ವಿಂಡೋಸಿನವರ ಪರದೆಯಲ್ಲಿ 'ವಿಂಡೋಸ್ 10 ಪಡೆಯಿರಿ' ಎಂಬ ಕಿಟಕಿ ಪದೇ ಪದೇ ಎದ್ದು ಬರುತ್ತಿತ್ತು. ಮೂಲೆಯಲ್ಲಿನ ಕೆಂಪು ಕತ್ತರಿ ಗುರುತು ಒತ್ತಿ ಮುಚ್ಚುವುದು ಇಪ್ಪತ್ತು ವರ್ಷಗಳಿಂದ ಎಲ್ಲರಿಗೂ ಗೊತ್ತಿದ್ದ ಕ್ರಮ. 2016ರ ಮೇ ಹೊತ್ತಿಗೆ ಆ ಕಿಟಕಿ ಒಂದು ದಿನಾಂಕ ಗೊತ್ತುಮಾಡಿಕೊಂಡೇ ಬರತೊಡಗಿತು. ಕತ್ತರಿ ಒತ್ತಿದರೆ ಕಿಟಕಿ ಮುಚ್ಚುತ್ತಿತ್ತು, ಗೊತ್ತುಮಾಡಿದ ಅಪ್‌ಗ್ರೇಡ್ ಹಾಗೇ ಉಳಿಯುತ್ತಿತ್ತು. ಕ್ಯಾಲಿಫೋರ್ನಿಯಾದ ಒಬ್ಬ ಪ್ರವಾಸ ಏಜೆಂಟ್ ತಾನು ಕೇಳದ ಅಪ್‌ಗ್ರೇಡಿನಿಂದ ಕೆಲಸದ ಕಂಪ್ಯೂಟರ್ ಕೆಟ್ಟಿತೆಂದು ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪಡೆದರು. ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳಲಿಲ್ಲ, ಮೇಲ್ಮನವಿಯನ್ನು ಮಾತ್ರ ಕೈಬಿಟ್ಟಿತು.

ಅಮೆರಿಕದಲ್ಲಿ ಅದು ಕಿರಿಕಿರಿ. ಇಲ್ಲಿ ಅದಕ್ಕೆ ಇನ್ನೊಂದು ಮುಖವಿತ್ತು. ಜಿಯೋ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚೆ ಡೇಟಾ ಎಂದರೆ ಅಳೆದು ಸುರಿಯುವ ಎಣ್ಣೆ. ಡಾಂಗಲ್ ಚುಚ್ಚಿಕೊಂಡು ತಿಂಗಳಿಗೆ ಒಂದೆರಡು ಜಿ.ಬಿ.ಯಲ್ಲಿ ಬದುಕುತ್ತಿದ್ದ ಮನೆಯಲ್ಲಿ ವಿಂಡೋಸ್ ಕೇಳದೆಯೇ ಮೂರು ಜಿ.ಬಿ.ಗೂ ಮೀರಿದ ಫೈಲುಗಳನ್ನು ಒಂದು ಮರೆಮಾಡಿದ ಫೋಲ್ಡರಿಗೆ ಇಳಿಸಿಕೊಳ್ಳುತ್ತಿತ್ತು. ಮಗಳ ಪರೀಕ್ಷೆಯ ಅರ್ಜಿ ತುಂಬಲು ಉಳಿಸಿಟ್ಟ ಡೇಟಾ ರಾತ್ರೋರಾತ್ರಿ ಖಾಲಿಯಾದರೆ ಯಾರನ್ನು ಕೇಳುವುದು? ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿಟ್ಟರೆ ಅಪ್‌ಡೇಟ್ ತಡೆಯಬಹುದು ಎಂಬ ಉಪಾಯ ಆಗ ಬಾಯಿಂದ ಬಾಯಿಗೆ ಮನೆಮದ್ದಿನಂತೆ ಹರಡಿತು.

ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣದಂತೆ ಆಗಿತ್ತು. 2014ರ ಜುಲೈನಲ್ಲಿ ಮೈಕ್ರೋಸಾಫ್ಟ್ 18,000 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿ ಘೋಷಿಸಿತು. ಹೆಚ್ಚಿನವು ಆಗಷ್ಟೇ ಕೊಂಡಿದ್ದ ನೋಕಿಯಾದವು, ಆದರೆ ತಂತ್ರಾಂಶವನ್ನು ಪರೀಕ್ಷಿಸುವವರ ಹುದ್ದೆಗಳೂ ಅದರಲ್ಲಿ ಸೇರಿದ್ದವು. ಅದೇ ಸೆಪ್ಟೆಂಬರಿನಲ್ಲಿ ಇನ್‌ಸೈಡರ್ ಯೋಜನೆ ಶುರುವಾಯಿತು: ಹೊಸ ಆವೃತ್ತಿಯನ್ನು ಆಸಕ್ತ ಬಳಕೆದಾರರೇ ಮೊದಲು ಹಾಕಿಕೊಂಡು ತಪ್ಪು ತಿಳಿಸುವುದು. ನಾಲ್ಕು ವರ್ಷದ ನಂತರ ಅದರ ಫಲ ಕಂಡಿತು. 2018ರ ಅಕ್ಟೋಬರ್ ಆರಂಭದಲ್ಲಿ ಹೊರಬಿಟ್ಟ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಇಂಥದ್ದಾಗುತ್ತಿದೆ ಎಂದು ಇನ್‌ಸೈಡರುಗಳಲ್ಲಿ ಕೆಲವರು ಮೊದಲೇ ಬರೆದಿದ್ದರು, ದೂರುಗಳ ರಾಶಿಯಲ್ಲಿ ಅದು ಹೂತುಹೋಗಿತ್ತು. 2019ರ ಅಪ್‌ಡೇಟಿನಲ್ಲಿ ಹೋಂ ಆವೃತ್ತಿಯವರಿಗೂ 35 ದಿನಗಳ ತನಕ ತಡೆಹಿಡಿಯುವ ಅವಕಾಶ ಬಂತು. 36ನೆಯ ದಿನ ಮತ್ತೆ ಬಾಗಿಲು ತೆಗೆಯಲೇಬೇಕು.

ಇಷ್ಟಾದರೂ ಜನ ಬಿಟ್ಟು ಹೋಗಲಿಲ್ಲವಲ್ಲ, ಯಾಕೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಕಂಪ್ಯೂಟರ್ ಪಂಡಿತರ ಹತ್ತಿರವಲ್ಲ, ಡಿ.ಟಿ.ಪಿ. ಅಂಗಡಿಗಳಲ್ಲಿ.

ಹೈದರಾಬಾದ್ ಎರಡು ಲಿಪಿಗಳು ಪಕ್ಕಪಕ್ಕ ಬದುಕುವ ಊರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆ ಇರುವ ಊರಿನಲ್ಲಿ ಆಮಂತ್ರಣ, ಸ್ಮರಣ ಸಂಚಿಕೆ, ಕರಪತ್ರಗಳು ಕನ್ನಡದಲ್ಲೂ ಅಚ್ಚಾಗಬೇಕು. ತೆಲುಗಿನ ಕೆಲಸಕ್ಕೆ ಅನು ಫಾಂಟುಗಳು, ಕನ್ನಡಕ್ಕೆ ನುಡಿ, ಬರಹ ಅಥವಾ ಶ್ರೀಲಿಪಿ, ಎಲ್ಲದಕ್ಕೂ ಅಡಿಪಾಯ ಪೇಜ್‌ಮೇಕರ್. ಪೇಜ್‌ಮೇಕರಿನ ಕೊನೆಯ ಆವೃತ್ತಿ, ಏಳನೆಯದು, ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಅದನ್ನು ಬೆಳೆಸಲೇ ಇಲ್ಲ. ಹಾಗಿದ್ದೂ ಅದಾಗಿ ಹತ್ತು ಹದಿನೈದು ವರ್ಷ ತೆಲುಗು, ಕನ್ನಡ ಮುದ್ರಣ ಅದರ ಮೇಲೆ ನಡೆಯಿತು. ಅದು ಎಕ್ಸ್‌ಪಿಯಲ್ಲಿ ಚೆನ್ನಾಗಿ ಓಡುತ್ತಿತ್ತು, ಮುಂದಿನ ವಿಂಡೋಸುಗಳಲ್ಲಿ ತಕರಾರು ಮಾಡುತ್ತಿತ್ತು. ಆದ್ದರಿಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲಿ ವಿದಾಯ ಹೇಳಿದ ಮೇಲೂ ಅಂಗಡಿಯ ಮೂಲೆಯಲ್ಲಿ ಒಂದು ಎಕ್ಸ್‌ಪಿ ಯಂತ್ರ ಇಂಟರ್ನೆಟ್ ತಂತಿ ಕಿತ್ತುಕೊಂಡು ಮುದುಕನಂತೆ ಕೂತಿರುತ್ತಿತ್ತು. ಮದ್ದು ಬೇಡವೆಂದರೆ ಊರಿಂದ ಹೊರಗಿರಬೇಕು ಎನ್ನುವುದು ಆ ಅಂಗಡಿಯವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಆ ಮುದುಕನನ್ನು ಬಿಡಲಾಗದಂತೆ ಮಾಡಿದ್ದು ವಿಂಡೋಸ್ ಅಲ್ಲ, ಅದರೊಳಗಿನ ಫೈಲುಗಳು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ನುಡಿ, ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸವನ್ನು ಲಕ್ಷಾಂತರ ಜನರ ಬೆರಳಿಗೆ ತಂದಿತು. ಅದರ ಉಪಕಾರ ದೊಡ್ಡದು. ಆದರೆ ಆ ಕಾಲದ ಬಹುತೇಕ ಭಾರತೀಯ ಫಾಂಟುಗಳಂತೆ ಅದೂ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರ ಕೂರಿಸುತ್ತಿತ್ತು. ಫಾಂಟ್ ತೆಗೆದರೆ ಕನ್ನಡವೇ ಇಲ್ಲ. ನುಡಿ ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಪದವನ್ನು ತೆರೆದರೆ ಮೊದಲು ಕಾಣುವುದು ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ. ಕಡತಗಳು, ಕವನ ಸಂಕಲನಗಳು, ಪಿಎಚ್.ಡಿ. ಪ್ರಬಂಧಗಳು ಹೀಗೆ ಒಂದು ಫಾಂಟಿನ ಕೃಪೆಯಲ್ಲಿ ಉಸಿರಾಡುತ್ತಿದ್ದವು. ಫಾಂಟ್ ತಂತ್ರಾಂಶದ ಮೇಲೆ, ತಂತ್ರಾಂಶ ವಿಂಡೋಸಿನ ಮೇಲೆ, ವಿಂಡೋಸ್ ಮುಂದಿನ ಅಪ್‌ಡೇಟಿನ ಮೇಲೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಅಲ್ಲೂ ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ಮನೆ, ಒಂದೊಂದಕ್ಕೆ 128 ಸ್ಥಾನ. ಜಾಗವಿದ್ದರೂ ನಾವು ಒಳಹೋಗಲು ಎರಡು ದಶಕವೇ ಹಿಡಿಯಿತು. ಎಕ್ಸ್‌ಪಿಯಲ್ಲಿ ತುಂಗಾ ಇದ್ದರೂ ಅದನ್ನು ಚಾಲೂ ಮಾಡಲು ಸೆಟ್ಟಿಂಗಿನಲ್ಲಿ ಗುರುತು ಹಾಕಿ ಮೂಲ ಸಿ.ಡಿ. ತುರುಕಬೇಕಿತ್ತು, ಸಿ.ಡಿ. ಅಂಗಡಿಯ ಹುಡುಗನ ಚೀಲದಲ್ಲಿರುತ್ತಿತ್ತು. ಪೇಜ್‌ಮೇಕರ್ ಯೂನಿಕೋಡನ್ನು ಕಣ್ಣೆತ್ತಿಯೂ ನೋಡಲಿಲ್ಲ. ನುಡಿಯ ನಂತರದ ಆವೃತ್ತಿಗಳು ಯೂನಿಕೋಡಿಗೆ ಬಂದವು, ಹಳೆಯ ಫೈಲುಗಳನ್ನು ಬದಲಿಸುವ ಪರಿವರ್ತಕಗಳೂ ಬಂದವು. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡಿರುತ್ತವೆ, ಕೂತು ತಿದ್ದಬೇಕು. ತಿದ್ದಿದ ಮೇಲೆ ಮಾತ್ರ ಆ ಬರಹ ವಿಂಡೋಸಿನಲ್ಲೂ ತೆರೆಯುತ್ತದೆ, ಲಿನಕ್ಸಿನಲ್ಲೂ ತೆರೆಯುತ್ತದೆ, ಫೋನಿನಲ್ಲೂ ತೆರೆಯುತ್ತದೆ. ಆಗ ಅಪ್‌ಡೇಟಿಗೆ 'ಬೇಡ' ಎನ್ನುವ ಶಕ್ತಿ ಮೊದಲ ಬಾರಿಗೆ ಬರುತ್ತದೆ, ಯಾಕೆಂದರೆ ಎದ್ದು ಹೋಗಲು ಇನ್ನೊಂದು ಮನೆ ಇದೆ.

ಆ ಇನ್ನೊಂದು ಮನೆಯನ್ನು ಕಟ್ಟಲು ಹೊರಟವರೂ ಈ ಊರಿನಲ್ಲಿದ್ದಾರೆ. 'ಸ್ವೇಚ್ಛ' ಎಂಬ ಹೆಸರಿನಲ್ಲಿ 2005ರಲ್ಲಿ ತೆಲುಗಿನ ಆಪರೇಟಿಂಗ್ ಸಿಸ್ಟಂ ಹೊರಬಂತು. ಅದೇ ಹೆಸರಿನ ಸಂಘಟನೆ ಇಂದಿಗೂ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಾಗಾರ ನಡೆಸುತ್ತದೆ, ಮಕ್ಕಳಿಗಾಗಿ 'ಬಾಲ ಸ್ವೇಚ್ಛ'ವನ್ನೂ ಮಾಡಿದೆ. ತೆಲುಗಿನಲ್ಲಿ ಸ್ವೇಚ್ಛ ಎಂದರೆ ಗೌರವದ ಸ್ವಾತಂತ್ರ್ಯ. ಕನ್ನಡದಲ್ಲಿ ಅದೇ ಪದಕ್ಕೆ ಮನಸ್ಸಿಗೆ ಬಂದಂತೆ ನಡೆಯುವ ಹುಡುಗಾಟದ ಛಾಯೆ ಇದೆ, ಸ್ವೇಚ್ಛಾಚಾರ ಅಂತೇವಲ್ಲ. ಲಿನಕ್ಸಿಗೆ ಹೋಗುತ್ತೇನೆ ಎಂದವರನ್ನು ನಮ್ಮ ಆಫೀಸುಗಳು ನೋಡುವ ರೀತಿ ಕನ್ನಡದ ಅರ್ಥಕ್ಕೆ ಹತ್ತಿರ.

ಆದರೆ ಕನ್ನಡ ಮಕ್ಕಳೇ ಇದನ್ನು ವರ್ಷಗಳಿಂದ ಮಾಡುತ್ತಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಪಠ್ಯಕ್ರಮಕ್ಕೆ ಸೇರಿದವು. ಕೇರಳ ತನ್ನ ಐಟಿ ಅಟ್ ಸ್ಕೂಲ್ ಯೋಜನೆಯಡಿ ಸರ್ಕಾರಿ ಶಾಲೆಗಳನ್ನು 2000ದ ದಶಕದಲ್ಲೇ ಗ್ನೂ/ಲಿನಕ್ಸಿಗೆ ತಿರುಗಿಸಿತು. ಅಲ್ಲಿನ ಮಕ್ಕಳು ಕನ್ನಡದಲ್ಲೇ ಅಚ್ಚಾದ ಕಂಪ್ಯೂಟರ್ ಪಾಠಪುಸ್ತಕ ಹಿಡಿದು ಲಿನಕ್ಸ್ ಕಲಿಯುತ್ತಾರೆ. ಆ ವ್ಯವಸ್ಥೆಯೂ ಅಪ್‌ಡೇಟ್ ಆಗುತ್ತದೆ: 14.04, ನಂತರ 18.04, ನಂತರ 22.04. ಯಾವಾಗ ಬದಲಿಸಬೇಕು, ಅದರಲ್ಲಿ ಏನಿರಬೇಕು ಎನ್ನುವುದನ್ನು ತಿರುವನಂತಪುರದಲ್ಲಿ ಕೂತ ಒಂದು ಸಾರ್ವಜನಿಕ ಸಂಸ್ಥೆ ನಿರ್ಧರಿಸುತ್ತದೆ. ತಪ್ಪಾದರೆ ಅದನ್ನು ವಿಧಾನಸಭೆಯಲ್ಲಿ ಕೇಳಬಹುದು.

ಹಾಗೆಂದು ಲಿನಕ್ಸ್ ಎಂದರೆ ಮುಕ್ತಿ ಎಂದು ನಂಬಿಸಲು ನನಗೆ ಮನಸ್ಸಿಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ಹತ್ತು ವರ್ಷ ಬೆವರು ಸುರಿಸಿ, 2017ರಲ್ಲಿ ವಿಂಡೋಸಿಗೇ ಮರಳುವ ತೀರ್ಮಾನ ಮಾಡಿತು. ಲಿನಕ್ಸ್ ಪ್ರಪಂಚದ ಅತಿ ಜನಪ್ರಿಯ ಉಬುಂಟುವಿನಲ್ಲೂ 'ಸ್ನ್ಯಾಪ್' ಎಂಬ ರೀತಿಯ ತಂತ್ರಾಂಶಗಳು ಬಹುಕಾಲ ಕೇಳದೆಯೇ ಅಪ್‌ಡೇಟ್ ಆಗುತ್ತಿದ್ದವು. ಮುಂದೂಡಬಹುದಿತ್ತು, ಪೂರ್ತಿ ನಿಲ್ಲಿಸಲು ಆಗುತ್ತಿರಲಿಲ್ಲ. ಬಳಕೆದಾರರು ವರ್ಷಗಟ್ಟಲೆ ಜಗಳವಾಡಿದ ಮೇಲೆ ತಡೆಯುವ ಆಜ್ಞೆ ಬಂತು. 2024ರ ಏಪ್ರಿಲಿನಲ್ಲಿ, ಆ ಕುಖ್ಯಾತ ಜುಲೈಗೂ ಮೊದಲೇ, ಕ್ರೌಡ್‌ಸ್ಟ್ರೈಕಿನದೇ ಇನ್ನೊಂದು ಅಪ್‌ಡೇಟ್ ಡೆಬಿಯನ್ ಲಿನಕ್ಸ್ ಸರ್ವರುಗಳನ್ನು ಕೆಡವಿದ ವರದಿಗಳಿವೆ. ಅವು ಸುದ್ದಿಯಾಗಲಿಲ್ಲ, ಕೈಯಲ್ಲಿ ಬರೆದ ಪಾಸುಗಳಿರಲಿಲ್ಲವಲ್ಲ. 2023ರಲ್ಲಿ ನಮ್ಮ ರಕ್ಷಣಾ ಸಚಿವಾಲಯ ಇಂಟರ್ನೆಟ್ ಸಂಪರ್ಕವಿರುವ ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ 'ಮಾಯಾ' ಎಂಬ ವ್ಯವಸ್ಥೆಯನ್ನು ತರಲು ಹೊರಟಿತು. ಅದಕ್ಕೂ ಎರಡನೇ ಮಂಗಳವಾರವೋ ಮೂರನೇ ಶುಕ್ರವಾರವೋ ಒಂದು ಅಪ್‌ಡೇಟ್ ದಿನ ಇರಲೇಬೇಕು.

ವಿಂಡೋಸಿನ ಕೊನೆಯ ಆವೃತ್ತಿ ಎಂದಿದ್ದ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಭದ್ರತಾ ಅಪ್‌ಡೇಟುಗಳು ನಿಂತವು. ಅದೂ ಎರಡನೇ ಮಂಗಳವಾರವೇ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ. 2017ರಲ್ಲಿ ಕಂತಿನ ಮೇಲೆ ಕೊಂಡ, ಇಂದಿಗೂ ಗಟ್ಟಿಮುಟ್ಟಾಗಿರುವ ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಅಧಿಕೃತವಾಗಿ ಲಾಯಕ್ಕಲ್ಲ. ಇಷ್ಟು ವರ್ಷ ಅಪ್‌ಡೇಟ್ ಬೇಡವೆಂದವರಿಗೆ ಬಲವಂತವಾಗಿ ಕೊಟ್ಟವರು ಈಗ ಬೇಕೆಂದವರಿಗೆ ಇಲ್ಲವೆನ್ನುತ್ತಿದ್ದಾರೆ. ಒಂದು ವರ್ಷದ ಮಟ್ಟಿಗೆ, 2026ರ ಅಕ್ಟೋಬರ್ 13ರ ತನಕ, ಮನೆಬಳಕೆಯವರಿಗೆ ಒಂದು ದಾರಿ ಬಿಟ್ಟರು: 30 ಡಾಲರ್ ಕೊಡಿ, ಇಲ್ಲವೇ ಕಂಪನಿಯ ಬಹುಮಾನ ಅಂಕಗಳಲ್ಲಿ 1,000 ತೆತ್ತುಬಿಡಿ, ಇಲ್ಲವೇ ನಿಮ್ಮ ಸೆಟ್ಟಿಂಗುಗಳನ್ನು ನಮ್ಮ ಖಾತೆಗೆ ಬ್ಯಾಕಪ್ ಮಾಡಿ. ಯುರೋಪಿನಲ್ಲಿ ಗ್ರಾಹಕ ಸಂಘಟನೆಯೊಂದು ಅಲ್ಲಿನ ಕಾನೂನು ಹಿಡಿದು ಜಗ್ಗಿದ್ದರಿಂದ ಬ್ಯಾಕಪ್ಪಿನ ಷರತ್ತು ಅಲ್ಲಿನವರಿಗೆ ಸಡಿಲವಾಯಿತು. ಖಾತೆಗೆ ಲಾಗಿನ್ ಆಗುವುದು ಅಲ್ಲೂ ತಪ್ಪಲಿಲ್ಲ. ಹೈದರಾಬಾದಿನಲ್ಲಿರುವವರಿಗೆ, ಬೆಂಗಳೂರಿನಲ್ಲಿರುವವರಿಗೆ ಆ ಸಡಿಲಿಕೆ ಇಲ್ಲ. ಸಿ.ಟಿ.ಸಿ.ಯಲ್ಲಾಗಲಿ ಎಸ್.ಪಿ. ರಸ್ತೆಯಲ್ಲಾಗಲಿ ಈಗ ಇಂಥ ಲ್ಯಾಪ್‌ಟಾಪ್ ಹಿಡಿದು ಹೋದರೆ ಎರಡು ಸಲಹೆ ಸಿಗಬಹುದು. ಹೊಸದು ತಗೊಳ್ಳಿ ಎಂಬುದು ಒಂದು. ಲಿನಕ್ಸ್ ಹಾಕಿಕೊಡಲಾ ಎಂಬುದು ಇನ್ನೊಂದು. ಎರಡನೆಯದಕ್ಕೆ ಹೂಂ ಎನ್ನುವ ಮುಂಚೆ ಮನೆಗೆ ಬಂದು ಮಾಡಬೇಕಾದ ಕೆಲಸವೊಂದಿದೆ. ಹಳೆಯ ಫೋಲ್ಡರುಗಳನ್ನು ತೆರೆದು, ಅಪ್ಪ ನುಡಿಯಲ್ಲಿ ಟೈಪ್ ಮಾಡಿಟ್ಟ ಲೇಖನಗಳಲ್ಲಿ ಎಷ್ಟು ಇನ್ನೂ ಪಿ ಮತ್ತು ಗೀಟು ಹೊತ್ತ ಎ ಆಗಿಯೇ ಉಳಿದಿವೆ ಎಂದು ಎಣಿಸುವುದು.